ಅಕ್ಷತೆಯ ಕೈ

ಮದುವೆ ವಿಡಿಯೋ ತೆಗೆಯುವವನ ಪಾಡು ದೇವರಿಗೇ ಪ್ರೀತಿ. ಬೆಳಗಿನಿಂದ ಚಪ್ಪರ, ತೋರಣ, ಉಪ್ಪಿಟ್ಟು ತಿನ್ನುವ ಬೀಗರು ಎಲ್ಲವನ್ನೂ ಚೆಂದವಾಗಿ ತೆಗೆದಿರುತ್ತಾನೆ. ಸರಿಯಾಗಿ ಗಟ್ಟಿಮೇಳ ಶುರುವಾಗುವ ಹೊತ್ತಿಗೆ ಯಾರೋ ಒಬ್ಬ ದಪ್ಪಗಿನ ಸೋದರಮಾವ ಕ್ಯಾಮೆರಾದ ಮುಂದೆ ಬಂದು ನಿಲ್ಲುತ್ತಾನೆ. ಸರಿಯಪ್ಪ ಅನ್ನುವಷ್ಟರಲ್ಲಿ ಕೊರಳಿಗೆ ತಾಳಿ ಬಿದ್ದಿರುತ್ತದೆ, ಅಕ್ಷತೆ ಬಿದ್ದಿರುತ್ತದೆ, ಕ್ಯಾಸೆಟ್ಟಿನಲ್ಲಿ ಮಾತ್ರ ಸೋದರಮಾವನ ಬೆನ್ನು ಬಿದ್ದಿರುತ್ತದೆ.

ಭದ್ರಾವತಿಯ ಮುರಳಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಉಪಾಯ ಅವನೊಬ್ಬನದೇ ಅಲ್ಲ, ಆ ಕಾಲದ ವಿಡಿಯೋದವರೆಲ್ಲ ಕದ್ದುಮುಚ್ಚಿ ಮಾಡುತ್ತಿದ್ದದ್ದೇ. ಬೇರೆ ಬೇರೆ ಮದುವೆಗಳಲ್ಲಿ ಚೆನ್ನಾಗಿ ಬಂದ ಅಕ್ಷತೆಯ ಕೈಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿಟ್ಟುಕೊಳ್ಳುವುದು. ಮುಹೂರ್ತ ತಪ್ಪಿದಾಗ ಅದರಿಂದ ಒಂದು ಕೈ ತೆಗೆದು ಇಲ್ಲಿ ಸೇರಿಸುವುದು. ಕೈಗೆ ಮುಖ ಇರುವುದಿಲ್ಲವಲ್ಲ. ಹೆಣ್ಣಿನ ಕಡೆಯವರು ಅದು ಗಂಡಿನ ಕಡೆಯವರ ಕೈ ಅಂದುಕೊಳ್ಳುತ್ತಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರದು ಅಂದುಕೊಳ್ಳುತ್ತಾರೆ. ಎಲ್ಲರಿಗೂ ಸಮಾಧಾನ.

ಆ ಕ್ಯಾಸೆಟ್ಟಿನಲ್ಲಿದ್ದ ಕೈಗಳಲ್ಲೆಲ್ಲ ಚೆಂದದ್ದು ಮುರಳಿಯ ಅಪ್ಪ ಧರ್ಮಪ್ಪನದು. ತಂಗಿ ಅಕ್ಷಯಾಳ ಮದುವೆಯಲ್ಲಿ, ಕಾರ್ಖಾನೆ ಕ್ವಾರ್ಟರ್ಸಿನ ಮನೆ ಮುಂದೆ ಹಾಕಿದ್ದ ಚಪ್ಪರದಲ್ಲಿ, ಮುರಳಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ತೆಗೆದದ್ದು. ಬಿಳಿ ಅಂಗಿಯ ತೋಳು, ಕಾರ್ಖಾನೆಯ ಯಂತ್ರಕ್ಕೆ ಅರ್ಧ ಕಿರುಬೆರಳು ಕೊಟ್ಟು ಬಂದ ದೊಡ್ಡ ಕೈ. ಮುಷ್ಟಿ ಮೇಲೇರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಬಿಚ್ಚಿಕೊಳ್ಳುತ್ತದೆ, ಹಳದಿ ಅಕ್ಕಿ ಹಾರುತ್ತದೆ. ಧರ್ಮಪ್ಪನಿಗೆ ಕ್ಯಾಮೆರಾ ಅಂದರೆ ಆಗದು, ಕಂಡಲ್ಲೆಲ್ಲ ಮುಖ ತಿರುಗಿಸಿಬಿಡುತ್ತಿದ್ದ. ಆ ಮದುವೆಯಾದ ವರ್ಷವೇ ದೀಪಾವಳಿಯ ಹೊತ್ತಿಗೆ ಎದೆನೋವು ಬಂದು ತೀರಿಕೊಂಡ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಬಿಟ್ಟರೆ ಅವನದು ಅಂತ ಉಳಿದದ್ದು ಆ ಒಂದು ಕೈ. ಅಲುಗಾಡುವಂಥದ್ದು ಅದೊಂದೇ.

ಹಾಗಾಗಿ ಮುಹೂರ್ತ ತಪ್ಪಿದಾಗಲೆಲ್ಲ ಮುರಳಿ ಅದೇ ಕೈಯನ್ನು ಹಾಕುತ್ತಿದ್ದ. ಸತ್ತ ಮೇಲೂ ಧರ್ಮಪ್ಪ ಭದ್ರಾವತಿ, ಶಿವಮೊಗ್ಗ, ಅತ್ತ ಆಯನೂರಿನ ತನಕ ಎಷ್ಟೋ ಜೋಡಿಗಳ ಮೇಲೆ ಅಕ್ಷತೆ ಹಾಕಿದ. ಯಾರಿಗೂ ಗೊತ್ತಿಲ್ಲ, ಮುರಳಿಯ ತಾಯಿ ಯಲ್ಲಮ್ಮನಿಗೆ ಮಾತ್ರ ಗೊತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು.

"ಬದುಕಿದ್ದಾಗ ಊಟಕ್ಕೆ ಕರೆದ್ರೂ ಹೋಗ್ತಿರ್ಲಿಲ್ಲ ನಿಮ್ಮಪ್ಪ. ಈಗ ನೋಡು, ಕರೀದಿದ್ರೂ ಹೋಗ್ತಾರೆ."

ಇಷ್ಟಕ್ಕೇ ನಿಂತಿದ್ದರೆ ಇದನ್ನು ಕತೆ ಮಾಡಿ ಹೇಳುವ ಅಗತ್ಯ ಇರಲಿಲ್ಲ.

ಆ ಕ್ವಾರ್ಟರ್ಸಿನಲ್ಲಿ ಮನೆಗಳದ್ದು ಎರಡು ಸಾಲು. ಮೇಲಿನ ಸಾಲು, ಕೆಳಗಿನ ಸಾಲು. ಮೇಲೆ ಕೆಳಗೆ ಅಂದರೆ ದೊಡ್ಡವರು ಸಣ್ಣವರು ಅಂತಲ್ಲ, ನೆಲ ಅಷ್ಟು ಇಳಿಜಾರು. ನಡುವೆ ಒಂದು ನೀರಿನ ಟ್ಯಾಂಕು. ಎರಡು ಸಾಲಿನವರೂ ಒಂದೇ ಸೈರನ್ನಿಗೆ ಎದ್ದು ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಿದ್ದರು. ತಮಿಳು, ತೆಲುಗು, ಕನ್ನಡ ಎಲ್ಲ ಕಲಸಿ ಬೈದುಕೊಳ್ಳುತ್ತಿದ್ದರು, ಸಂಜೆಗೆ ಅದೇ ಕಲಸಿದ ಭಾಷೆಯಲ್ಲಿ ನಗುತ್ತಿದ್ದರು. ಎರಡು ಸಾವಿರದ ಒಂದನೇ ಇಸವಿಯ ನಗರಸಭೆ ಚುನಾವಣೆಯಲ್ಲಿ ಮೇಲಿನ ಸಾಲಿನಿಂದ ಒಬ್ಬ ಕೊಡೆ ಗುರುತಿನಲ್ಲಿ ನಿಂತ, ಕೆಳಗಿನ ಸಾಲಿನಿಂದ ಒಬ್ಬ ಹೊಲಿಗೆ ಮಿಷನ್ ಗುರುತಿನಲ್ಲಿ ನಿಂತ. ಇಬ್ಬರೂ ಪಕ್ಷೇತರರು, ಇಬ್ಬರೂ ಹೇಳುತ್ತಿದ್ದದ್ದು ನೀರು ಕೊಡಿಸುತ್ತೇವೆ ಅಂತಲೇ. ಆಗಲೂ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ತಲೆ ಕೆಡಿಸಿಕೊಂಡವನು ಜ್ಞಾನೇಶ್. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಅವನದು ಕೇಬಲ್ ಆಫೀಸು. ಚುನಾವಣೆ ಬಂತೆಂದು ಸಂಜೆ ಅರ್ಧ ಗಂಟೆ ಲೋಕಲ್ ನ್ಯೂಸ್ ಶುರುಮಾಡಿದ. ಭದ್ರಾವತಿ ಕಡೆಯದನ್ನು ತೆಗೆದು ತರಲು ಮುರಳಿಯನ್ನು ಇಟ್ಟುಕೊಂಡ. ಮುರಳಿ ಮಧ್ಯಾಹ್ನ ಬಸ್ಸಿನಲ್ಲಿ ಕ್ಯಾಸೆಟ್ ತೆಗೆದುಕೊಂಡು ಹೊಸಮನೆಗೆ ಹೋಗಬೇಕು, ಅಲ್ಲಿ ಎರಡು ವಿಸಿಆರ್ ಇಟ್ಟುಕೊಂಡು ಜೋಡಿಸಬೇಕು, ಅದರ ಕಾಪಿಯೊಂದನ್ನು ವಾಪಸ್ಸು ತಂದು ಭದ್ರಾವತಿ ಬಸ್ ಸ್ಟ್ಯಾಂಡಿನ ಎದುರಿನ ಮಹಡಿ ಕೋಣೆಯಿಂದ ಕೇಬಲ್ಲಿಗೆ ಬಿಡಬೇಕು. ಒಳ್ಳೇ ಕೆಲಸ ಅಂತಲೇ ಅವನೂ ತಿಳಿದಿದ್ದ.

ಒಂದು ಬೆಳಗ್ಗೆ ಟ್ಯಾಂಕಿನ ಹತ್ತಿರ ಜಗಳ ಆಯಿತು. ಯಾವ ಸಾಲಿಗೆ ಮೊದಲು ನಲ್ಲಿ ಬಿಡಬೇಕು ಅನ್ನುವ ಜಗಳ, ವಾರಕ್ಕೊಮ್ಮೆ ಆಗುವಂಥದ್ದೇ. ಮೇಲಿನ ಸಾಲಿನ ಚೌಡಯ್ಯ, ಕೆಳಗಿನ ಸಾಲಿನ ಮುರುಗೇಶಪ್ಪ ಗಂಟಲು ಹರಿಯುವಂತೆ ಕೂಗಿಕೊಂಡರು. ಮುರುಗೇಶಪ್ಪ ಅಂದರೆ ಧರ್ಮಪ್ಪನ ಜೀವದ ಗೆಳೆಯ, ಅವನ ಚಟ್ಟಕ್ಕೆ ಹೆಗಲು ಕೊಟ್ಟವನು. ಯಾರೋ ಪುಣ್ಯಾತ್ಮರು ಎಸ್‌ಟಿಡಿ ಬೂತಿನಿಂದ ಜ್ಞಾನೇಶನಿಗೆ ಫೋನ್ ಮಾಡಿ ಕಲ್ಲು ತೂರಾಟ ಅಂದರು. ಮುರಳಿ ಕ್ಯಾಮೆರಾ ಹೊತ್ತು ಓಡಿಬಂದಾಗ ಟ್ಯಾಂಕಿನ ನೀರು ಸುಮ್ಮನೆ ಹರಿದುಹೋಗುತ್ತಿತ್ತು, ಜನ ಗೊಣಗುತ್ತ ನಿಂತಿದ್ದರು. ಮೇಲಿನ ಸಾಲಿನ ಪುಷ್ಪಮ್ಮ ಬಿಸಿಲಿಗೆ ಹಣೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಮುರಳಿ ಅದನ್ನೂ ತೆಗೆದುಕೊಂಡ.

"ಕಲ್ಲು ಬಿತ್ತಂತಲ್ಲ ಪುಷ್ಪಕ್ಕ?"

"ಕಲ್ಲಾ? ಯಾರೋ ಹೇಳಿದ್ದು? ನನ್ನ ಕೊಡ ಬಿತ್ತು ಕಣೋ. ನೋಡು, ಹೆಂಗೆ ಸೊಟ್ಟಗಾಗಿದೆ."

ಹೊಸಮನೆಯ ಆಫೀಸಿನಲ್ಲಿ ಜ್ಞಾನೇಶ್ ಇಡೀ ಕ್ಯಾಸೆಟ್ ಓಡಿಸಿ ನೋಡಿದ.

"ಕಲ್ಲು ಎಲ್ಲೋ?"

"ಬಿದ್ದೇ ಇಲ್ಲ ಅಣ್ಣ."

"ಬಿದ್ದಿಲ್ಲ ಅಂದ್ರೆ? ಬೆಳಗ್ಗಿಂದ ಟಿವಿ ಕೆಳಗೆ ಅಕ್ಷರ ಓಡಿಸ್ತಿದೀನಿ ಮಾರಾಯ, ಕಲ್ಲು ತೂರಾಟ ಅಂತ. ಸಂಜೆ ಜನ ಕೂತು ಏನು, ನೀರು ಹರಿಯೋದು ನೋಡ್ಬೇಕಾ?"

"ನಾನು ಹೋಗೋ ಅಷ್ಟರಲ್ಲಿ ಮುಹೂರ್ತ ತಪ್ಪಿಹೋಗಿತ್ತು ಅಣ್ಣ" ಅಂದ ಮುರಳಿ. ಅಭ್ಯಾಸಬಲದಿಂದ ಬಂದ ಮಾತು. ಮುಹೂರ್ತ ತಪ್ಪಿತು ಅಂದ ಕೂಡಲೇ ಅದೇ ಅಭ್ಯಾಸಬಲದಿಂದ ಅವನ ಕೈ ಬ್ಯಾಗಿನಲ್ಲಿದ್ದ ಅಕ್ಷತೆಯ ಕ್ಯಾಸೆಟ್ಟಿಗೆ ಹೋಯಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಅದನ್ನೇ ಮಾಡಿದ. ಕೂಗಾಡುವ ಜನ ಮೊದಲು, ಆಮೇಲೆ ಮೇಲೇಳುವ ಕೈ, ಆಮೇಲೆ ಹಣೆ ಹಿಡಿದುಕೊಂಡ ಪುಷ್ಪಮ್ಮ. ಜ್ಞಾನೇಶ್ ಗುಂಡಿ ತಿರುಗಿಸಿ ಬಣ್ಣ ತೆಗೆದುಬಿಟ್ಟ. ಅಕ್ಕಿಯ ಹಳದಿ ಹೋಯಿತು.

"ಮುಖ ಕಾಣಲ್ವಲ್ಲ ಅಣ್ಣ" ಅಂದ ಮುರಳಿ, ಒಳಗೊಳಗೇ ಹೆದರಿ.

"ಜನಕ್ಕೆ ಮುಖ ಬೇಡ ಮಾರಾಯ, ಕೈ ಸಾಕು. ಮುಖ ಅವರೇ ಹಾಕ್ಕೊಳ್ತಾರೆ."

ಆ ಸಂಜೆ ಕ್ವಾರ್ಟರ್ಸಿನ ಮನೆಮನೆಯಲ್ಲೂ ಧರ್ಮಪ್ಪನ ಕೈ ಮೇಲೆದ್ದಿತು. ಯಲ್ಲಮ್ಮ ದಿನಾ ಆ ಹೊತ್ತಿಗೆ ಪಕ್ಕದ ಬೀದಿಯ ದೇವಸ್ಥಾನದಲ್ಲಿರುತ್ತಿದ್ದಳು, ನೋಡಲಿಲ್ಲ. ಮುರಳಿ ಮಹಡಿ ಕೋಣೆಯಲ್ಲಿ ಒಬ್ಬನೇ ಕೂತು ನೋಡಿದ. ಅರ್ಧ ಕಿರುಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು. ಯಾರಾದರೂ ಗುರುತು ಹಿಡಿದು ಬೈಯಲಿ, ನಕ್ಕುಬಿಡೋಣ ಅಂದುಕೊಂಡ.

ಯಾರೂ ಬೈಯಲಿಲ್ಲ. ಮರುದಿನ ಟ್ಯಾಂಕಿನ ಹತ್ತಿರ ಮೇಲಿನ ಸಾಲಿನವರು ಅದು ಮುರುಗೇಶಪ್ಪನ ಕೈ ಅಂದರು. ಕೆಳಗಿನ ಸಾಲಿನವರು ಚೌಡಯ್ಯನದು ಅಂದರು. ಕಲ್ಲು ಬಿದ್ದೇ ಇಲ್ಲವಲ್ಲ ಅಂದವರು ಒಬ್ಬರೂ ಇರಲಿಲ್ಲ. ಹಿಂದಿನ ಬೆಳಗ್ಗೆ ಅಲ್ಲೇ ನಿಂತಿದ್ದವರು, ಕಣ್ಣಾರೆ ಕಂಡವರು ಅವರೇ. ಟಿವಿಯಲ್ಲಿ ಬಂದದ್ದನ್ನು ನೋಡಿ, ಓಹೋ ನಾನು ಆ ಕಡೆ ತಿರುಗಿದ್ದಾಗ ಆಗಿರಬೇಕು ಅಂತ ಒಬ್ಬೊಬ್ಬರೂ ತಮ್ಮಷ್ಟಕ್ಕೆ ಲೆಕ್ಕ ಹಾಕಿಕೊಂಡಿದ್ದರು. ಕೊಡೆಯವನಿಗೂ ಆ ಚಿತ್ರ ಬೇಕು, ಹೊಲಿಗೆ ಮಿಷನ್ನಿನವನಿಗೂ ಅದೇ ಬೇಕು. ಜ್ಞಾನೇಶ್ ದಿನವೂ ಹಾಕಿದ. ಎಲ್ಲಿ ಏನೇ ಸುದ್ದಿಯಾದರೂ ನಡುವೆ ಆ ಕೈ ಒಮ್ಮೆ ಬಂದುಹೋಗುತ್ತಿತ್ತು.

ಕಾಪಿಯ ಕಾಪಿ, ಅದರ ಕಾಪಿ. ಟೇಪು ಸವೆಯುತ್ತ ಹೋಯಿತು. ಚಪ್ಪರದ ಬಟ್ಟೆ ಬರೀ ಆಕಾಶವಾಯಿತು. ಒಂದು ಸಂಜೆ ಮುರಳಿ ಪರದೆಗೆ ಮುಖ ಹತ್ತಿರ ತಂದು ನೋಡಿದ. ಕಿರುಬೆರಳು ಪೂರ್ತಿ ಇತ್ತು. ಮಸುಕಿನಲ್ಲಿ ಬೆರಳು ಬೆಳೆದುಕೊಂಡಿತ್ತು.

ಅದರ ಮಾರನೆಯ ದಿನ ಪುಷ್ಪಮ್ಮ ಹಣೆಗೆ ಬಟ್ಟೆ ಕಟ್ಟಿಕೊಂಡು ನೀರಿಗೆ ಬಂದಳು. ಮುರಳಿ ತಡೆಯಲಾರದೆ ಕೇಳಿದ.

"ಇದೇನು ಪುಷ್ಪಕ್ಕ?"

"ಏನು ಅಂತ ಕೇಳ್ತೀಯಲ್ಲ, ನೀನೇ ತೆಗೆದಿದ್ದು!" ಅವಳು ಬಟ್ಟೆ ಸರಿಸಿ ತೋರಿಸಿದಳು. ಅಲ್ಲಿ ನಿಜವಾಗಿಯೂ ಗಾಯ ಇತ್ತು. ಅಂಚು ಒಣಗಿ, ನಡುವೆ ಇನ್ನೂ ಹಸಿಯಾಗಿದ್ದ ಗಾಯ. ಅವತ್ತಿನಿಂದ ಎಣಿಸಿದರೆ ಒಂದು ಗಾಯ ಎಷ್ಟು ಒಣಗಿರಬೇಕೋ ಅಷ್ಟೇ ಒಣಗಿತ್ತು.

ಕೆಳಗಿನ ಸಾಲಿನವರು ಚೌಡಯ್ಯನ ಸೈಕಲ್ಲಿನ ಗಾಳಿ ಬಿಟ್ಟರು. ಮೇಲಿನ ಸಾಲಿನವರು ಅಷ್ಟಕ್ಕೆ ಬಿಡಲಿಲ್ಲ. ದಿನಾ ಸಂಜೆ ನ್ಯೂಸ್ ಮುಗಿದ ಕೂಡಲೇ ಮುರುಗೇಶಪ್ಪನ ಮನೆಯ ಶೀಟಿನ ಮೇಲೆ ಕಲ್ಲು ಬೀಳಲು ಶುರುವಾಯಿತು. ಈ ಕಲ್ಲುಗಳು ಮಾತ್ರ ನಿಜ. ಅವನ ಮಗಳು ಶೀಲಾಳ ಮದುವೆ ನಿಶ್ಚಯವಾಗಿತ್ತು. ಬೀಗರು ಈ ಗಲಾಟೆ ಕೇಳಿ, ಸ್ವಲ್ಪ ತಡೆಯೋಣ ಅಂದರು.

ಒಂದು ಮಧ್ಯಾಹ್ನ ಮುರುಗೇಶಪ್ಪ ಮುರಳಿಯ ಮನೆಗೆ ಬಂದ. ಯಲ್ಲಮ್ಮ ಕಾಫಿ ಕೊಟ್ಟಳು, ಕುಡಿಯಲಿಲ್ಲ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಯಾರದೋ ಅನ್ನುವಂತೆ ನೋಡುತ್ತಿದ್ದ.

"ಮುರಳಿ, ನಿಜ ಹೇಳಪ್ಪ. ನಾನೇನಾ ಎಸೆದಿದ್ದು?"

"ಏನು ಮಾಮ ಹಿಂಗಂತೀರ! ಎಸೆದಿದ್ರೆ ನಿಮಗೆ ಗೊತ್ತಿರ್ತಿರ್ಲಿಲ್ವಾ?"

"ಎಸೆದಿಲ್ಲ ಅಂತ ಮೊದಮೊದಲು ಗಟ್ಟಿಯಾಗಿ ಹೇಳ್ತಿದ್ದೆ. ಈಗ ಹೇಳಕ್ಕೆ ಧೈರ್ಯ ಬರಲ್ಲ. ಬೆಳಗ್ಗೆ ಎದ್ರೆ ಭುಜ ನೋಯುತ್ತೆ ಕಣಪ್ಪ. ಎಸೆದವನ ಭುಜ ನೋಯೋ ಹಂಗೇ ನೋಯುತ್ತೆ." ಅವನು ಭುಜ ತಿಕ್ಕಿಕೊಂಡ. "ನಾಳೆ ಎಲ್ಲರ ಮುಂದೆ ತಪ್ಪಾಯ್ತು ಅಂತ ಒಪ್ಕೊಂಡ್ಬಿಡ್ತೀನಿ. ಆಮೇಲೆ ಕ್ವಾರ್ಟರ್ಸ್ ಬಿಟ್ಟು ಹೋಗ್ತೀನಿ. ಶೀಲಾ ಮದುವೆ ಆದ್ರೆ ಸಾಕು."

ಮುರಳಿಗೆ ಸಿಟ್ಟು ಉಕ್ಕಿತು. ಜ್ಞಾನೇಶನ ಮೇಲಲ್ಲ, ತನ್ನ ಮೇಲೆ. ಅಪ್ಪನ ಕೈಯನ್ನು ತೆಗೆದುಕೊಂಡು ಹೋಗಿ ಅಪ್ಪನ ಗೆಳೆಯನ ತಲೆಯ ಮೇಲೆ ಇಟ್ಟವನು ತಾನೇ. ಇವತ್ತು ಸಂಜೆಯೇ ಇದನ್ನು ಮುಗಿಸಬೇಕು ಅಂತ ಎದ್ದ. ಹೊಸಮನೆಗೆ ಹೋಗಲಿಲ್ಲ. ಹೋದರೆ ಜ್ಞಾನೇಶ್ ಏನು ಹೇಳುತ್ತಾನೆ ಅಂತ ಗೊತ್ತಿತ್ತು. ಟ್ರಂಕಿನಿಂದ ಅಕ್ಷಯಾಳ ಮದುವೆಯ ಕ್ಯಾಸೆಟ್ಟನ್ನೇ ತೆಗೆದುಕೊಂಡು ಮಹಡಿ ಕೋಣೆಗೆ ಹೋಗಿ, ನ್ಯೂಸಿನ ಹೊತ್ತಿಗೆ ಅದನ್ನು ಹಾಕಿದ. ಮೈಕು ಹಿಡಿದುಕೊಂಡ.

"ಎಲ್ಲರೂ ನೋಡಿ. ಇದು ನಮ್ಮಪ್ಪ ಧರ್ಮಪ್ಪನವರ ಕೈ. ನಮ್ಮ ಅಕ್ಷಯಾ ಮದುವೆಲಿ ಅಕ್ಷತೆ ಹಾಕಿದ್ದು. ಕಲ್ಲಲ್ಲ. ಯಾರೂ ಕಲ್ಲು ಎಸೆದಿಲ್ಲ. ಈ ಕೈನ ಅಲ್ಲಿಗೆ ಸೇರಿಸಿದ್ದು ನಾನು, ತಪ್ಪು ನನ್ನದು."

ಚಪ್ಪರ ಬಂತು, ಅಕ್ಷಯಾ ಬಂದಳು, ಗಟ್ಟಿಮೇಳ ಶುರುವಾಯಿತು. ಕೈ ಮೇಲೆದ್ದಿತು. ಮುರಳಿ ಪರದೆಯನ್ನು ನೋಡಿದ. ಕೈಗಳ ಕ್ಯಾಸೆಟ್ಟು ಮಸುಕಾದಾಗಲೆಲ್ಲ ಹೊಸ ಕಾಪಿ ಮಾಡಿಕೊಳ್ಳಲು ಆ ಒಂದು ಜಾಗವನ್ನು ಹಿಂದೆ ಮುಂದೆ ಓಡಿಸಿ ಓಡಿಸಿ ಮೂಲದ ಟೇಪೂ ಅಲ್ಲಿಯೇ ಸವೆದಿತ್ತು. ಅಕ್ಕಿಯ ಕಾಳು ಒಂದೂ ಕಾಣಲಿಲ್ಲ. ಮುಷ್ಟಿ ಬಿಚ್ಚಿತು, ಅದರಿಂದ ಕಪ್ಪಗಿನದೇನೋ ಒಂದು ಹೊರಟುಹೋಯಿತು.

ಅವನು ಕ್ವಾರ್ಟರ್ಸಿಗೆ ಬಂದಾಗ ಎರಡೂ ಸಾಲಿನವರು ಟ್ಯಾಂಕಿನ ಸುತ್ತ ನೆರೆದಿದ್ದರು. ಚೌಡಯ್ಯ, ಮುರುಗೇಶಪ್ಪ ಎಷ್ಟೋ ದಿನದ ಮೇಲೆ ಅಕ್ಕಪಕ್ಕ ನಿಂತಿದ್ದರು. ಮುರಳಿಗೆ ಜೀವ ಬಂದ ಹಾಗಾಯಿತು. ಬೈದರೆ ಬೈಯಲಿ, ನಾಲ್ಕು ಹೊಡೆದರೂ ಹೊಡೆಯಲಿ, ಮುಗಿಯಿತಲ್ಲ ಅಂದುಕೊಂಡು ಹತ್ತಿರ ಹೋದ.

"ಎಸೆದಿದ್ದು ಧರ್ಮಪ್ಪನೋರು ಅಂತ ನಾವು ಅಂದ್ಕೊಂಡೇ ಇರ್ಲಿಲ್ಲಪ್ಪ" ಅಂದ ಚೌಡಯ್ಯ, ನಿಧಾನಕ್ಕೆ.

"ಎಸೆದಿಲ್ಲ ಅಂತ ತಾನೇ ನಾನು ಹೇಳಿದ್ದು! ಅಪ್ಪ ತೀರ್ಕೊಂಡು ಎರಡು ವರ್ಷ ಆಯ್ತು. ಟ್ಯಾಂಕ್ ಜಗಳಕ್ಕೆ ಹೆಂಗೆ ಬರ್ತಾರೆ?"

"ಹೌದೌದು. ಅದಕ್ಕೆ ಮುಂಚೆ ಆಗಿರ್ಬೇಕು" ಅಂದಳು ಪುಷ್ಪಮ್ಮ. ಹಣೆಯ ಬಟ್ಟೆ ತೆಗೆದಿದ್ದಳು. "ಅಕ್ಷಯಾ ಮದುವೆಲೇ ಬಿದ್ದಿದ್ದು. ಹಳೇ ಏಟು ಇದು, ನೋಡು."

ಮುರಳಿ ನೋಡಿದ. ಬೀದಿ ದೀಪದ ಬೆಳಕಿನಲ್ಲಿ ಹಣೆಯ ಮೇಲೆ ಬೆಳ್ಳಗಿನ ಒಂದು ಹಳೆಯ ಕಲೆ ಇತ್ತು, ವರ್ಷಗಳ ಹಿಂದೆ ಮಾಗಿದ್ದು. ಗಾಯದ ಸುಳಿವೇ ಇರಲಿಲ್ಲ.

"ಧರ್ಮಪ್ಪ ಕೆಳಗಿನ ಸಾಲಿನವನೇ ತಾನೇ?" ಅಂತ ಯಾರೋ ಮೇಲಿನ ಸಾಲಿನವರು ಅಂದರು. "ಮೊದಲು ಮೇಲಿನ ಸಾಲಲ್ಲೇ ಇದ್ದಿದ್ದು, ಆಮೇಲೆ ಈಕಡೆ ಬಂದಿದ್ದು" ಅಂತ ಕೆಳಗಿನ ಸಾಲಿನವರು ಅಂದರು. ಮಾತಿಗೆ ಮಾತು ಬೆಳೆಯಿತು. ಸತ್ತವನನ್ನು ಆ ಕಡೆಯವರು ಈ ಕಡೆಗೂ ಈ ಕಡೆಯವರು ಆ ಕಡೆಗೂ ತಳ್ಳಿದರು.

ಮುರಳಿ ಮುರುಗೇಶಪ್ಪನ ತೋಳು ಹಿಡಿದುಕೊಂಡ. "ಮಾಮ, ನೀವಾದ್ರೂ ಹೇಳಿ. ನಮ್ಮಪ್ಪ ಎಂಥೋರು ಅಂತ ನಿಮಗೆ ಗೊತ್ತಿಲ್ವಾ?"

ಮುರುಗೇಶಪ್ಪ ಬಲಭುಜವನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ನೋವು ಹೋಗಿತ್ತು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. "ಒಳ್ಳೇ ಮನುಷ್ಯ" ಅಂದ. ಆಮೇಲೆ ಬೇರೆ ಕಡೆ ನೋಡುತ್ತ ಅಂದ, "ಸಿಟ್ಟು ಮಾತ್ರ ಬೇಗ ಬರ್ತಿತ್ತು, ಅಲ್ವಾ?"

ಮುರಳಿ ಅವನ ತೋಳು ಬಿಟ್ಟು ಮನೆಗೆ ಬಂದ. ಯಲ್ಲಮ್ಮ ಕತ್ತಲಲ್ಲೇ ಕೂತಿದ್ದಳು. ಅವತ್ತು ದೇವಸ್ಥಾನಕ್ಕೆ ಹೋಗದೆ ಎಲ್ಲ ನೋಡಿ, ಟಿವಿ ಆರಿಸಿದ್ದಳು.

"ಅಮ್ಮ, ಆ ಮುಹೂರ್ತದಲ್ಲಿ ನೀನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ನೀನು ಹೇಳಿದ್ರೆ ಎಲ್ಲರೂ ನಂಬ್ತಾರೆ."

"ಪಕ್ಕದಲ್ಲೇ ಇದ್ದೆ ಮಗಾ."

"ಮತ್ತೆ?"

ಯಲ್ಲಮ್ಮ ಆರಿಸಿದ ಟಿವಿಯ ಕಡೆ ನೋಡಿದಳು.

"ಕೈಲಿ ಏನೋ ಇತ್ತು" ಅಂದಳು.

ಚುನಾವಣೆ ಆಯಿತು. ಕೊಡೆಯೂ ಸೋತಿತು, ಹೊಲಿಗೆ ಮಿಷನ್ನೂ ಸೋತಿತು. ಗೆದ್ದ ಮೂರನೆಯವನು ಆ ಕ್ವಾರ್ಟರ್ಸಿನ ಕಡೆ ತಲೆ ಹಾಕಲಿಲ್ಲ, ಟ್ಯಾಂಕಿನ ನೀರು ಮೊದಲಿನಂತೆಯೇ ಒಂದು ದಿನ ಬಂದರೆ ಇನ್ನೊಂದು ದಿನ ಬರಲಿಲ್ಲ. ಜ್ಞಾನೇಶ್ ಮುರಳಿಯನ್ನು ಕೆಲಸದಿಂದ ತೆಗೆದ. ಮುರಳಿ ಮತ್ತೆ ಮದುವೆಗಳಿಗೆ ಹೋದ.

ಮುರುಗೇಶಪ್ಪನ ಮಗಳು ಶೀಲಾಳ ಮದುವೆ ಶಿವಮೊಗ್ಗದ ಒಂದು ಛತ್ರದಲ್ಲಿ ನಡೆಯಿತು. ಎರಡೂ ಸಾಲಿಗೂ ಕರೆ ಹೋಗಿತ್ತು, ಎರಡೂ ಸಾಲಿನವರು ಬಂದಿದ್ದರು. ಮೇಲಿನವರು ಎಡಕ್ಕೆ ಕೂತರು, ಕೆಳಗಿನವರು ಬಲಕ್ಕೆ ಕೂತರು, ನಡುವೆ ದಾರಿ. ಯಾರೂ ಜಗಳ ಆಡಲಿಲ್ಲ. ಒಬ್ಬರಿಗೊಬ್ಬರು ಊಟ ಆಯ್ತಾ ಅಂತ ಕೂಡ ಕೇಳಿಕೊಂಡರು. ಅಕ್ಷತೆಯ ತಟ್ಟೆ ಎರಡೂ ಕಡೆ ಹೋಗಿಬಂತು. ಅವತ್ತು ಯಾವ ಸೋದರಮಾವನೂ ಅಡ್ಡ ಬರಲಿಲ್ಲ, ಮುರಳಿ ವೇದಿಕೆಯ ಮೇಲೆ ಒಳ್ಳೇ ಜಾಗ ಹಿಡಿದಿದ್ದ. ಜನರ ಕಡೆ ಕ್ಯಾಮೆರಾ ತಿರುಗಿಸಿದ.

ಗಟ್ಟಿಮೇಳ, ಗಟ್ಟಿಮೇಳ ಅಂತ ಪುರೋಹಿತರು ಕೂಗಿದರು. ಓಲಗ ಜೋರಾಯಿತು. ಎಡಕ್ಕೂ ಬಲಕ್ಕೂ ಒಟ್ಟಿಗೆ ಕೈಗಳು ಮೇಲೆದ್ದವು. ಮುಷ್ಟಿಗಳು ಒಂದು ಕ್ಷಣ ನಿಂತವು. ಆಗ ಇಡೀ ಛತ್ರ ತಲೆ ಬಗ್ಗಿಸಿತು. ಮೇಲಿನ ಸಾಲಿನವರು ಬಗ್ಗಿದರು, ಕೆಳಗಿನ ಸಾಲಿನವರು ಬಗ್ಗಿದರು, ಹೆಂಗಸರು ಮಕ್ಕಳನ್ನು ಮಡಿಲಿಗೆ ಒತ್ತಿಕೊಂಡರು, ಮಣೆಯ ಮೇಲೆ ಶೀಲಾ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಹಳದಿ ಅಕ್ಕಿ ಎಲ್ಲರ ಬೆನ್ನಿನ ಮೇಲೆ ಉದುರಿತು. ಒಬ್ಬರೂ ಅದರ ಬಗ್ಗೆ ಆಮೇಲೆ ಮಾತೆತ್ತಲಿಲ್ಲ, ಎದ್ದು ಸೀರೆ ಕೊಡವಿಕೊಂಡು ಊಟಕ್ಕೆ ನಡೆದರು.

ಮನೆಗೆ ಬಂದು ಕ್ಯಾಸೆಟ್ ಹಾಕಿ ನೋಡಿದಾಗ ಮುಹೂರ್ತದ ಹೊತ್ತಿಗೆ ಇದ್ದದ್ದು ವೇದಿಕೆಯ ಕಾರ್ಪೆಟ್ಟು ಮಾತ್ರ. ಮುರಳಿಯೂ ಬಗ್ಗಿದ್ದ.

ಕಾರ್ಪೆಟ್ ಇದ್ದ ಜಾಗಕ್ಕೆ ಏನಾದರೂ ಹಾಕಲೇಬೇಕಿತ್ತು. ಹಾಕಲು ಅವನ ಹತ್ತಿರ ಇದ್ದದ್ದು ಕೈಗಳ ಆ ಒಂದೇ ಕ್ಯಾಸೆಟ್. ಬಹಳ ದಿನದಿಂದ ಮುಟ್ಟಿರಲಿಲ್ಲ. ವಿಸಿಆರಿಗೆ ತಳ್ಳಿ ಗುಂಡಿ ಒತ್ತಿದ. ಯಲ್ಲಮ್ಮ ಹಿಂದೆ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಇಬ್ಬರೂ ಪರದೆಯ ಕಡೆ ನೋಡಿದರು. ಬಿಳಿ ತೋಳು ಬಂತು, ದೊಡ್ಡ ಕೈ ಮೆಲ್ಲಗೆ ಮೇಲೆದ್ದಿತು.

ಯಲ್ಲಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಯ ಕಡೆ ತಿರುಗಿದಳು.